ಮಾಗಳ ಪರಿಸರದ ಪ್ರಾಚೀನ ದೇಗುಲಗಳು ಮತ್ತು ಪ್ರವಾಸೋದ್ಯಮ

ಕರ್ನಾಟಕದ ವಾಸ್ತುಶಿಲ್ಪದ ಇತಿಹಾಸದಲ್ಲಿ ತುಂಗಭದ್ರಾ ನದಿಯ ಇಕ್ಕೆಲದ ಪ್ರದೇಶಕ್ಕೆ ವಿಶಿಷ್ಟವಾದ ಸ್ಥಾನವಿದೆ. ಹರಿಹರದಿಂದ ಹೊಸಪೇಟೆಯತ್ತ ಸಾಗುವ ನದಿಯ ಬಲದಡಕ್ಕೆ ಹರಪನಹಳ್ಳಿ, ಹೂವಿನ ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳೂ ಅವುಗಳ ಬೆನ್ನಿಗೆ ಕೊಟ್ಟೂರು, ಕೂಡ್ಲಿಗಿ ತಾಲ್ಲೂಕುಗಳೂ ಇವೆ. ಎಡದಡದಲ್ಲಿ ಇಂದಿನ ಹಾವೇರಿ, ಗದಗ, ಕೊಪ್ಪಳ ಜಿಲ್ಲೆಗಳ ಸೀಮೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಅಂದರೆ ಕ್ರಿ.ಶ. ಹತ್ತನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದ ಕೊನೆಯವರೆಗೆ, ಈ ಎರಡೂ ದಡಗಳು ಒಂದೇ ನಾಡಾಗಿದ್ದುವು. ಒಂದೇ ಬಗೆಯ ಬಳಪದ ಕಲ್ಲನ್ನು ಒಂದೇ ಪರಂಪರೆಯ ರೂವಾರಿಗಳು ಇಲ್ಲಿಯೂ ಅಲ್ಲಿಯೂ ಕಡೆದರು. ಇಂದು ಇವುಗಳಲ್ಲೊಂದು ದಡದ ಗುಡಿಯನ್ನು ನೋಡಿದವರು ಇನ್ನೊಂದು ದಡದ ಗುಡಿಯ ಹೆಸರನ್ನೂ ಕೇಳಿರುವುದಿಲ್ಲ. ಇದು ಹೇಗಾಯಿತೆಂಬುದನ್ನೂ, ಪ್ರವಾಸೋದ್ಯಮದ ಮೂಲಕ ನಾಡಿನ ಆದಾಯದ ಮೂಲಗಳನ್ನು ಹೆಚ್ಚಿಸಬೇಕೆಂಬ ಕಾಲದಲ್ಲಿ ಇದರಿಂದ ಈ ತಾಲ್ಲೂಕುಗಳಿಗಾಗಿರುವ ನಷ್ಟವನ್ನೂ ವಿಚಾರಿಸುವುದು ಯುಕ್ತವಾಗಿದೆ.

ಮಾಗಳವು ಹೂವಿನ ಹಡಗಲಿ ತಾಲ್ಲೂಕಿನಲ್ಲಿ ನದಿಯ ಸಮೀಪದಲ್ಲಿರುವ ಗ್ರಾಮ. ಇಲ್ಲಿಯ ಸೂರ್ಯನಾರಾಯಣ ದೇವಾಲಯಕ್ಕೆ ವೇಣುಗೋಪಾಲಸ್ವಾಮಿಯ ಗುಡಿ ಎಂಬ ಹೆಸರೂ ಉಂಟು. ಚಾಲುಕ್ಯ ಶೈಲಿಯ ಪ್ರೌಢಾವಸ್ಥೆಯ ಲಕ್ಷಣಗಳಾದ ಕಡೆದು ನಯಗೊಳಿಸಿದ ಕಂಬಗಳು, ಪಟ್ಟಿಕೆಗಳಿಂದ ತುಂಬಿದ ಬಾಗಿಲುವಾಡಗಳು, ಕಲ್ಲೆಂಬುದನ್ನು ಮರೆಸುವ ಭುವನೇಶ್ವರಿಯ ಚಿತ್ತಾರ ಇವು ಇಲ್ಲಿ ಕಾಣುತ್ತವೆ. ಗುಡಿ ಗಾತ್ರದಲ್ಲಿ ದೊಡ್ಡದಲ್ಲ. ಈ ಸೀಮೆಯ ಶಿಲ್ಪಿಗಳು ಗಾತ್ರದ ಹಂಬಲಕ್ಕೆ ಬಿದ್ದವರೇ ಅಲ್ಲ. ಮುಂದೆ ಬೇಲೂರು, ಹಳೆಯಬೀಡುಗಳಲ್ಲಿ ಹೊಯ್ಸಳರ ಶಿಲ್ಪಿಗಳು ಪಡೆದ ಕೀರ್ತಿಯ ಬೇರುಗಳು ಚಾಲುಕ್ಯರ ನಾಡಿನ ಇಂತಹ ಸಣ್ಣ ಗುಡಿಗಳಲ್ಲಿವೆ.

ಮಾಗಳವೊಂದೇ ಅಲ್ಲ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಕ್ರಿ.ಶ. 866ರ ಪ್ರಸಿದ್ಧ ಶಾಸನವೂ ಭೀಮೇಶ್ವರ ದೇವಾಲಯವೂ ಇವೆ. ಅದೇ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಚಾಲುಕ್ಯ ಸಾಮ್ರಾಜ್ಯವನ್ನು ಪುನಃ ಸ್ಥಾಪಿಸಿದ ಎರಡನೆಯ ತೈಲಪನ ಕಾಲದ, ಕ್ರಿ.ಶ. 987ರ ಶಾಸನವಿದೆ. ಒಂದು ರಾಜವಂಶ ಅಳಿದು ಇನ್ನೊಂದು ಎದ್ದ ಸಂಧಿಕಾಲದ ಕಟ್ಟಡವನ್ನು ಕಣ್ಣಾರೆ ಕಾಣಬಯಸುವವರು ಬಾಗಳಿಗೆ ಬರಬೇಕು. ಹಿರೇಹಡಗಲಿಯ ಗುಡಿಯನ್ನು ಒಂದನೆಯ ಸೋಮೇಶ್ವರನ ಪ್ರಧಾನಿ ದೇಮರಸನು ಕ್ರಿ.ಶ. 1057ರಲ್ಲಿ ಕಟ್ಟಿಸಿದನು. ಹೂವಿನ ಹಡಗಲಿಯ ಕೇಶವ ದೇವಾಲಯವು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ರವಿದೇವ ದಂಡನಾಯಕನ ಪತ್ನಿ ರೆಬ್ಬಲದೇವಿಯು ಕಟ್ಟಿಸಿದ್ದು. ಅಂಬಳಿ, ಹಲವಾಗಲು ಮೊದಲಾದ ಊರುಗಳ ಗುಡಿಗಳನ್ನೂ ಈ ಮಾಲೆಗೆ ಸೇರಿಸಬೇಕು. ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ಕಂಡವರು ಬೇಲೂರಿನ ಮದನಿಕೆಯರ ಹಿರಿಯಕ್ಕಂದಿರು ಯಾರೆಂಬುದನ್ನು ಕೇಳಬೇಕಾಗಿಲ್ಲ. ಒಂದನೆಯ ಸೋಮೇಶ್ವರನು ಗುಣವಾಗದ ಜ್ವರದಿಂದ ನೊಂದು ಕ್ರಿ.ಶ. 1068ರಲ್ಲಿ ತುಂಗಭದ್ರೆಯಲ್ಲಿಳಿದು ಪ್ರಾಣಬಿಟ್ಟದ್ದು ಕುರುವತ್ತಿಯಲ್ಲಿಯೇ. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ತನ್ನ ಕಾವ್ಯದಲ್ಲಿ ಈ ಪ್ರಸಂಗವನ್ನು ವರ್ಣಿಸಿದ್ದಾನೆ.

ಹೊಳಲಿನ ಅನಂತಶಯನ ಮೂರ್ತಿಯ ಕುರಿತು ಈ ಸೀಮೆಯಲ್ಲಿ ಪ್ರಚಲಿತವಾಗಿರುವ ಐತಿಹ್ಯವೊಂದನ್ನು ಇಲ್ಲಿ ಹೇಳದೆ ಮುಂದುವರಿಯುವಂತಿಲ್ಲ. ಕೃಷ್ಣದೇವರಾಯನು ಹೊಸಪೇಟೆಯ ಬಳಿ ಭವ್ಯವಾದ ಗುಡಿ ಕಟ್ಟಿಸಿ, ಅದರಲ್ಲಿ ಸ್ಥಾಪಿಸಲು ಹೊಳಲಿನ ಮೂರ್ತಿಯನ್ನು ತರಿಸಲು ಹೋದನಂತೆ. ದೇವರು ಏಳಲೊಪ್ಪದೆ ಹೊಳಲಿನಲ್ಲಿಯೇ ಉಳಿದನಂತೆ. ಇತಿಹಾಸವಾಗಿ ಇದರ ಬೆಲೆ ಎಷ್ಟಾದರೂ ಇರಲಿ, ಹೊಸಪೇಟೆಯ ಅನಂತಶಯನಗುಡಿಯ ಗರ್ಭಗೃಹ ಇಂದಿಗೂ ಮೂರ್ತಿಯಿಲ್ಲದೆ ಬರಿದಾಗಿದೆ. ಹಂಪೆಗೆ ಬಂದವರು ಬರಿದಾದ ಗುಡಿಯನ್ನು ನೋಡಿ ಹೋಗುತ್ತಾರೆ. ಮೂರ್ತಿಯಿರುವ ಹೊಳಲಿಗೆ ಬರುವವರು ವಿರಳ. ಹಡಗಲಿಯ ಹೆಸರಿನ ಐತಿಹ್ಯವೂ ಇದೇ ಬಗೆಯದು: ಇಲ್ಲಿಯ ಹೂಗಳನ್ನು ಹಡಗುಗಳಲ್ಲಿ ತುಂಬಿ ನದಿಯ ಮೂಲಕ ಹಂಪೆಯ ವಿರೂಪಾಕ್ಷನ ಪೂಜೆಗೆ ಕಳುಹಿಸುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಈ ಸೀಮೆಯಿಂದ ಹಂಪೆಯತ್ತ ಹೋದುದಕ್ಕೆ ಕಥೆಗಳಿವೆ, ಹಂಪೆಯಿಂದ ಇತ್ತ ಬಂದುದಕ್ಕೆ ಅಷ್ಟಾಗಿ ಇಲ್ಲ.

ಪ್ರಾಚೀನ ಕಾಲದಲ್ಲಿ ದೇಗುಲ, ಬಸದಿಗಳು ಕೇವಲ ಪೂಜಾಸ್ಥಾನಗಳಾಗಿರಲಿಲ್ಲವೆಂಬುದನ್ನು ಶಾಸನಗಳು ಸಾರಿ ಹೇಳುತ್ತವೆ. ಅವುಗಳಿಗೆ ಭೂಮಿ, ತೋಟ, ಗಾಣ, ಸಂತೆಯ ಸುಂಕದ ಪಾಲು ದತ್ತಿಯಾಗಿ ಬರುತ್ತಿದ್ದುವು. ಆ ಆದಾಯದಿಂದ ಪೂಜಾರಿ, ಮಾಲೆಗಾರ, ವಾದ್ಯಗಾರ, ಕಲ್ಲುಕುಟಿಗ, ಉಪಾಧ್ಯಾಯ ಇವರ ಜೀವನ ನಡೆಯುತ್ತಿತ್ತು. ಸತ್ರಗಳಲ್ಲಿ ದಾರಿಹೋಕರಿಗೆ ಅನ್ನ ದೊರೆಯುತ್ತಿತ್ತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇದಕ್ಕೆ ಉತ್ತಮ ನಿದರ್ಶನ. ಒಂದು ಕಾಲಕ್ಕೆ ಕೋಗಳಿ ಐನೂರು ಎಂಬ ಆಡಳಿತ ವಿಭಾಗಕ್ಕೆ ಮುಖ್ಯಪಟ್ಟಣವಾಗಿದ್ದ ಈ ಊರಿನ ಬಸದಿಯನ್ನು ಗಂಗದೊರೆ ದುರ್ವಿನೀತನು ಕಟ್ಟಿಸಿದ್ದನೆಂದು ಕ್ರಿ.ಶ. 1055ರ ಶಾಸನವು ಹೇಳುತ್ತದೆ. ಆ ಬಸದಿಗೆ ಇಂದ್ರಕೀರ್ತಿ ಮುನಿಗಳು ದತ್ತಿ ಬಿಟ್ಟರು. ಮುಂದೆ ಕ್ರಿ.ಶ. 1276ರಲ್ಲಿ ಹೊಯ್ಸಳ ರಾಮನಾಥನು ಇಲ್ಲಿಯ ಚೆನ್ನಪಾರ್ಶ್ವದೇವರಿಗೆ ಹೊನ್ನನ್ನು ಅರ್ಪಿಸಿದನು. ತಮಿಳುನಾಡಿನ ಕಣ್ಣನೂರಿನಲ್ಲಿ ನೆಲೆಯೂರಿದ್ದ ಅರಸನ ಹೊನ್ನು ತುಂಗಭದ್ರೆಯ ಸೀಮೆಯ ಒಂದು ಊರಿಗೆ ಬಂದಿತೆಂದರೆ ಆ ಊರಿನ ಹೆಸರು ಎಷ್ಟು ದೂರ ಹಬ್ಬಿತ್ತೆಂಬುದನ್ನು ಊಹಿಸಬಹುದು. ದೂರದವರ ಭಕ್ತಿಯು ಸ್ಥಳೀಯರ ಜೀವನೋಪಾಯವಾಗುವ ಈ ವ್ಯವಸ್ಥೆಗೆ ಆಗ ಪ್ರವಾಸೋದ್ಯಮವೆಂಬ ಹೆಸರಿರಲಿಲ್ಲ, ಅಷ್ಟೆ.

ಈ ಒಂದೇ ನಾಡು ಹರಿದು ಹಂಚಿಹೋದದ್ದು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ. ಕ್ರಿ.ಶ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅದು ಮದರಾಸು ಆಧಿಪತ್ಯಕ್ಕೆ ಸೇರಿತು. ಪೇಶ್ವೆಯ ಪತನಾನಂತರ, 1818ರಲ್ಲಿ, ಧಾರವಾಡ ಸೀಮೆ ಕಂಪನಿಯ ವಶವಾಗಿ ಮುಂಬಯಿ ಆಧಿಪತ್ಯದ ಭಾಗವಾಯಿತು. ಕೊಪ್ಪಳ, ಇಟಗಿಗಳು ನಿಜಾಮನ ರಾಜ್ಯದಲ್ಲಿ ಉಳಿದುವು. ಹೀಗೆ ಒಂದೇ ಶಿಲ್ಪಪರಂಪರೆಯ ಗುಡಿಗಳು ಮೂರು ಸರ್ಕಾರಗಳ ಪಾಲಾದುವು. ಮದರಾಸಿನ ಪುರಾತತ್ವಾಧಿಕಾರಿ ಅಲೆಗ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಗುಡಿಗಳನ್ನು ಅಳೆದು, ನಕ್ಷೆ ಬರೆಯಿಸಿ, 1896ರಲ್ಲಿ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಮಾಗಳ, ಬಾಗಳಿ, ಹಿರೇಹಡಗಲಿ, ಕುರುವತ್ತಿಗಳು ವಿದ್ವತ್ ಪ್ರಪಂಚಕ್ಕೆ ಪರಿಚಿತವಾದದ್ದು ಆ ಗ್ರಂಥದಿಂದ. ಆಚೆ ದಡದ ಲಕ್ಕುಂಡಿ, ಡಂಬಳಗಳ ವಿವರಕ್ಕೆ ಮುಂಬಯಿ ಕಡೆಯ ಹೆನ್ರಿ ಕಸಿನ್ಸ್ ಅವರ 1926ರ ಗ್ರಂಥವನ್ನು ಕಾಯಬೇಕಾಯಿತು. ಇಬ್ಬರೂ ಮಹಾಪರಿಶ್ರಮಿಗಳು, ಆದರೆ ಒಬ್ಬೊಬ್ಬರ ಪುಸ್ತಕ ಒಂದೊಂದು ಕಪಾಟಿನಲ್ಲಿ ಕುಳಿತು, ಎರಡು ದಡಗಳು ಓದುಗರ ಮನಸ್ಸಿನಲ್ಲಿಯೂ ಎರಡಾದುವು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. 1956ರ ಏಕೀಕರಣದಿಂದ ನದಿಯು ರಾಜ್ಯದ ಗಡಿಯಾಗಿ ಉಳಿಯಲಿಲ್ಲ. ಆದರೂ ಜಿಲ್ಲೆಯ ಗಡಿಯಾಗಿ ಉಳಿಯಿತು. ಜಿಲ್ಲೆಗಳ ಗಡಿಯಾದರೂ ಸ್ಥಿರವೇ ಎಂದರೆ ಅದೂ ಇಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಯ ಭಾಗವಾಯಿತು. ಬಾಗಳಿಯ ಕಲ್ಲೇಶ್ವರನು ಕುಳಿತಲ್ಲಿಯೇ ಕುಳಿತು ಕಾಲು ಶತಮಾನದೊಳಗೆ ಮೂರು ಜಿಲ್ಲೆಗಳನ್ನು ಸುತ್ತಿ ಬಂದಂತಾಯಿತು! ಪ್ರತಿ ಜಿಲ್ಲೆಯ ಪ್ರವಾಸಿ ಕೈಪಿಡಿಯಲ್ಲಿಯೂ ಆತನಿಗೆ ದೊರೆತದ್ದು ಕೊನೆಯ ಪುಟ.

ಇನ್ನು ರಾಷ್ಟ್ರಮಟ್ಟದ ಪ್ರವಾಸೋದ್ಯಮದ ವಿಚಾರ. ಸ್ವಾತಂತ್ರ್ಯಕ್ಕೆ ಮೊದಲೇ, 1945ರಲ್ಲಿ, ಸರ್ ಜಾನ್ ಸಾರ್ಜೆಂಟ್ ಅವರ ಅಧ್ಯಕ್ಷತೆಯಲ್ಲಿ ಭಾರತದ ಪ್ರವಾಸಿ ಸಾಧ್ಯತೆಗಳನ್ನು ಪರಿಶೀಲಿಸುವ ಸಮಿತಿಯು ನೇಮಕವಾಯಿತು. 1958ರಲ್ಲಿ ಕೇಂದ್ರದಲ್ಲಿ ಪ್ರತ್ಯೇಕ ಪ್ರವಾಸೋದ್ಯಮ ಇಲಾಖೆ, 1966ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಸ್ಥಾಪಿತವಾದುವು. 1982ರಲ್ಲಿ ಪ್ರಥಮ ರಾಷ್ಟ್ರೀಯ ಪ್ರವಾಸೋದ್ಯಮ ನೀತಿ ಪ್ರಕಟವಾಯಿತು. ಇವೆಲ್ಲವುಗಳ ಹಿಂದಿನ ಮುಖ್ಯ ಪ್ರೇರಣೆ ವಿದೇಶೀ ವಿನಿಮಯ. ಚಹ, ಸೆಣಬು, ಹತ್ತಿಬಟ್ಟೆಗಳ ರಫ್ತನ್ನೇ ಬಹಳವಾಗಿ ನಂಬಿದ್ದ ದೇಶಕ್ಕೆ ಯಂತ್ರೋಪಕರಣಗಳನ್ನು ಕೊಳ್ಳಲು ಬೇಕಾದ ಹಣ ಸಾಲುತ್ತಿರಲಿಲ್ಲ. ಪ್ರವಾಸಿ ತಾನೇ ಬಂದು ಇಲ್ಲಿಯೇ ಖರ್ಚು ಮಾಡುತ್ತಾನೆ. ಸರಕನ್ನು ಹಡಗಿಗೇರಿಸುವ ಶ್ರಮವಿಲ್ಲದ ರಫ್ತು ಇದು. ಚಹ, ರಬ್ಬರು, ತೆಂಗುಗಳನ್ನೇ ನೆಚ್ಚಿದ್ದ ನೆರೆಯ ಸಿಂಹಳವೂ ಇದೇ ಲೆಕ್ಕಾಚಾರದಿಂದ 1966ರಲ್ಲಿ ಪ್ರವಾಸಿ ಮಂಡಳಿಯನ್ನು ಸ್ಥಾಪಿಸಿತು. 1983ರ ಗಲಭೆಗಳ ಅನಂತರ ಅಲ್ಲಿಗೆ ಪ್ರವಾಸಿಗಳು ಬರುವುದು ಕುಸಿದು, ಈ ಉದ್ಯಮ ಎಷ್ಟು ನವಿರಾದುದೆಂಬುದೂ ಲೋಕಕ್ಕೆ ತಿಳಿಯಿತು.

ನಮ್ಮ ರಾಜ್ಯದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು 1971ರಲ್ಲಿ ಆರಂಭವಾಯಿತು. ವಿದೇಶೀ ಪ್ರವಾಸಿಯನ್ನು ಕರೆತರಬೇಕೆಂದ ಮೇಲೆ, ಅವನಿಗೆ ಮೊದಲೇ ಪರಿಚಯವಿರುವ ಹೆಸರುಗಳನ್ನೇ ಮುಂದಿಡುವುದು ಸಹಜ. ಹಂಪೆಗೆ ಆ ಪರಿಚಯ ಒದಗಿತ್ತು. ಕಾಲಿನ್ ಮೆಕೆಂಜಿಯ ಸರ್ವೇಕ್ಷಣೆ, 1856ರಲ್ಲಿ ಗ್ರೀನ್‌ಲಾ ತೆಗೆದ ಛಾಯಾಚಿತ್ರಗಳು, 1900ರಲ್ಲಿ ರಾಬರ್ಟ್ ಸಿವೆಲ್ ಬರೆದ ವಿಜಯನಗರದ ಇತಿಹಾಸ, ಹೊಸಪೇಟೆಯ ರೈಲು ನಿಲ್ದಾಣ, ಅನಂತರ ತುಂಗಭದ್ರಾ ಅಣೆಕಟ್ಟು — ಎಲ್ಲವೂ ಒಂದೆಡೆ ಕೂಡಿದುವು. 1986ರಲ್ಲಿ ಯುನೆಸ್ಕೋ ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ ಉತ್ಸವವನ್ನು ಆರಂಭಿಸಿ ಅದಕ್ಕೆ ನಾಡಹಬ್ಬದ ಮೆರುಗು ತಂದವರು ಹೂವಿನ ಹಡಗಲಿಯನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ ಎಂ. ಪಿ. ಪ್ರಕಾಶರು. ಹಡಗಲಿಯಲ್ಲಿ ‘ರಂಗಭಾರತಿ’ಯನ್ನು ಕಟ್ಟಿದ ಆ ಕಲಾಪ್ರೇಮಿಯ ಉತ್ಸಾಹಕ್ಕೂ ಹಂಪೆಯೇ ವೇದಿಕೆಯಾಯಿತೆಂಬುದು ಹಂಪೆಯ ಸೆಳೆತ ಎಷ್ಟೆಂಬುದನ್ನು ತೋರಿಸುತ್ತದೆ. ಹಂಪೆ ಬೆಳೆದದ್ದರಲ್ಲಿ ಆಕ್ಷೇಪಣೆಗೆ ಎಡೆಯಿಲ್ಲ. ಹಂಪೆಯಲ್ಲಿಯೇ ನಿಂತುಹೋದದ್ದು ಆಕ್ಷೇಪಾರ್ಹ.

ಏಕೆಂದರೆ ಆದಾಯಕ್ಕೆ ಹಲವು ದಾರಿಗಳ ಅಗತ್ಯ ಹೆಚ್ಚಾಗಿರುವುದು ಈ ಪಶ್ಚಿಮದ ತಾಲ್ಲೂಕುಗಳಿಗೆ. ಇದು ಮಳೆಯನ್ನು ನಂಬಿದ ಸೀಮೆ. 1876-78ರ ಘೋರ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅನುಭವಿಸಿದ ಜನನಷ್ಟವನ್ನು ಅಂದಿನ ಸರ್ಕಾರದ ವರದಿಗಳೇ ಹೇಳುತ್ತವೆ. ತುಂಗಭದ್ರಾ ಜಲಾಶಯದ ಹಿನ್ನೀರು ಈ ಭಾಗದ ಊರುಗಳನ್ನು ನುಂಗಿತು; ಕಾಲುವೆಯ ನೀರು ಹರಿದದ್ದು ಬಹುಪಾಲು ಕೆಳಗಿನ ತಾಲ್ಲೂಕುಗಳಿಗೆ. ಜೋಳ, ಮೆಕ್ಕೆಜೋಳ, ಶೇಂಗಾ, ಹತ್ತಿ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೋಗುವುದು ಕೂಡ್ಲಿಗಿ, ಹರಪನಹಳ್ಳಿಗಳ ಬಡ ಕುಟುಂಬಗಳಿಗೆ ಹೊಸದಲ್ಲ. ಪ್ರಾದೇಶಿಕ ಅಸಮತೋಲನದ ಬಗೆಗೆ 2002ರಲ್ಲಿ ವರದಿಯಿತ್ತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಈ ಎರಡೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳಲ್ಲಿ ಎಣಿಸಿತು. ಅಷ್ಟರಲ್ಲಿ ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರಿಗೆ ಹೊರದೇಶಗಳಲ್ಲಿ ಬೇಡಿಕೆ ಏರಿ, ಹಣ ನೀರಾಗಿ ಹರಿಯಿತು. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಸಾಲ ಮಾಡಿ ಕೊಂಡ ಲಾರಿಗಳು ಸಾಲುಸಾಲಾಗಿ ನಿಂತುವು. ಒಂದೇ ಕಸುಬನ್ನು ನೆಚ್ಚಿದ ನಾಡಿನ ಗತಿ ಏನೆಂಬುದಕ್ಕೆ ಬೇರೆ ದೇಶಗಳ ಉದಾಹರಣೆ ಹುಡುಕಬೇಕಾಗಿಲ್ಲ.

ಅದೇ ತಿಂಗಳು ಹಂಪೆಯ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ಬಹುಕಾಲದಿಂದ ಅಂಗಡಿ, ಮನೆ, ಖಾನಾವಳಿಗಳನ್ನು ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. ಸ್ಮಾರಕದ ರಕ್ಷಣೆ ಕಾನೂನಿನ ಕರ್ತವ್ಯವೆಂಬುದು ನಿಜ. ಪ್ರವಾಸಿಯನ್ನು ನಂಬಿ ಬದುಕು ಕಟ್ಟಿಕೊಂಡವರು ಒಂದು ಬೆಳಗಿನಲ್ಲಿ ಬೀದಿಗೆ ಬಂದುದೂ ಅಷ್ಟೇ ನಿಜ. ಮಾಗಳದಂತಹ ಊರುಗಳಲ್ಲಿ ಪ್ರವಾಸೋದ್ಯಮ ಇನ್ನೂ ಮೊದಲಾಗಬೇಕಾಗಿರುವುದರಿಂದ ಈ ತೊಡಕನ್ನು ಮುಂಚೆಯೇ ಬಿಡಿಸಿಕೊಳ್ಳುವ ಅವಕಾಶವಿದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರುಗಳವರೆಗೆ ಅನುಮತಿ ಬೇಕು ಎಂಬ ನಿಯಮವಿದೆ. ಊರ ನಡುವೆ ಗುಡಿಯಿರುವಲ್ಲಿ ಇದು ಬಡವನ ಮನೆಯ ಮಾಡಿನ ದುರಸ್ತಿಗೂ ತೊಡಕಾಗುತ್ತದೆ. ಗುಡಿಯಿಂದ ಊರಿಗೆ ಬರುವುದು ಬರಿಯ ನಿರ್ಬಂಧವೇ ಆದರೆ ಊರವರಿಗೆ ಅದರ ಮೇಲೆ ಮಮತೆ ಹುಟ್ಟುವುದೆಂತು? ಪ್ರವಾಸಿಯಿಂದ ದೊರೆಯುವ ಅಲ್ಪಸ್ವಲ್ಪ ಆದಾಯವಾದರೂ ಆ ಊರಿನವರ ಕೈ ಸೇರುವ ಏರ್ಪಾಡು ಇರುವುದು ನ್ಯಾಯವೂ ಹೌದು, ಸ್ಮಾರಕಕ್ಕೆ ಕ್ಷೇಮವೂ ಹೌದು.

ಪ್ರವಾಸೋದ್ಯಮದ ಲೆಕ್ಕವೆಲ್ಲ ನಿಂತಿರುವುದು ರಾತ್ರಿಯ ತಂಗುವಿಕೆಯ ಮೇಲೆ. ಮೋಟಾರಿನಲ್ಲಿ ಬಂದು, ಅರ್ಧ ಗಂಟೆ ಗುಡಿ ನೋಡಿ ಹೋಗುವವನು ಊರಿಗೆ ಬಿಡುವುದು ಧೂಳನ್ನು ಮಾತ್ರ. ಒಂದು ರಾತ್ರಿ ತಂಗುವವನು ಊಟ ಮಾಡುತ್ತಾನೆ, ಹಾಸಿಗೆಗೆ ಬಾಡಿಗೆ ಕೊಡುತ್ತಾನೆ, ಹೂವು ಕೊಳ್ಳುತ್ತಾನೆ, ದಾರಿ ತೋರಿಸಿದವನಿಗೆ ಕೈಕಾಸು ಕೊಡುತ್ತಾನೆ. ಜೈನ ಯಾತ್ರಾಸ್ಥಳಗಳ ಅನುಭವವನ್ನು ಇಲ್ಲಿ ನೆನೆಯಬಹುದು. ಸೂರ್ಯಾಸ್ತಕ್ಕೆ ಮೊದಲು ಊಟ, ಸೋಸಿದ ನೀರು, ತಂಗಲು ಶುಚಿಯಾದ ಕೋಣೆ ಇವಿಲ್ಲದೆ ಶ್ರಾವಕರ ಯಾತ್ರೆ ನಡೆಯದು. ಆದುದರಿಂದ ಕ್ಷೇತ್ರವೆಂದರೆ ಧರ್ಮಶಾಲೆ, ಭೋಜನಶಾಲೆಗಳು ಇದ್ದೇ ಇರುತ್ತವೆ. 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದಲ್ಲಿಯೂ, 1993, 2006, 2018ರ ಮಹೋತ್ಸವಗಳಲ್ಲಿಯೂ ಶ್ರವಣಬೆಳಗೊಳಕ್ಕೆ ರಸ್ತೆ, ನೀರು, ವಸತಿಗಳ ಕೆಲಸ ನಡೆದು, ಅದರಲ್ಲಿ ಎಷ್ಟೋ ಭಾಗ ಉತ್ಸವದ ಅನಂತರವೂ ಊರಿಗೆ ಉಳಿಯಿತು. ಯಾತ್ರಿಕನ ಅವಶ್ಯಕತೆಯನ್ನು ಮೊದಲು ಪೂರೈಸಿದ ಕ್ಷೇತ್ರಕ್ಕೆ ಪ್ರವಾಸಿಯೂ ಹಿಂದೆಯೇ ಬಂದನು.

ಮಾಗಳದ ಸೀಮೆಗೆ ಇಂತಹದೊಂದು ರಾತ್ರಿಯ ನೆಲೆ ಒದಗಬೇಕಾದರೆ ಎರಡು ದಡಗಳನ್ನು ಒಂದೇ ಪಯಣದಲ್ಲಿ ಕೂಡಿಸುವುದು ಅಗತ್ಯ. ಕೇವಲ ಬಲದಡದ ಗುಡಿಗಳಿಗಾಗಿ ದೂರದಿಂದ ಬರುವವರು ಕೆಲವರು ವಿದ್ವಾಂಸರಷ್ಟೆ. ಆದರೆ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಕ್ರಿ.ಶ. 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಇಟಗಿಯಲ್ಲಿ ಮಹಾದೇವ ದಂಡನಾಯಕನು 1112ರಲ್ಲಿ ಕಟ್ಟಿಸಿದ ದೇಗುಲ, ಡಂಬಳದ ದೊಡ್ಡಬಸಪ್ಪನ ಗುಡಿ ಇವನ್ನು ನೋಡಿದವರು ಮುಂಡರಗಿಯಿಂದ ನದಿ ದಾಟಿದರೆ ಹಡಗಲಿ, ಮಾಗಳ, ಹಿರೇಹಡಗಲಿ, ಕುರುವತ್ತಿ, ಬಾಗಳಿ, ಕೋಗಳಿಗಳ ಮಾರ್ಗವಾಗಿ ಹಂಪೆಗೆ ಹೋಗಬಹುದು. ಹಿಂದೆ ಹರಿಗೋಲನ್ನು ಕಾಯಬೇಕಾಗಿದ್ದಲ್ಲಿ ಇಂದು ಮದಲಗಟ್ಟಿಯ ಬಳಿ ಸೇತುವೆಯಿದೆ. ಹಕ್ಕಿಗಳ ವೀಕ್ಷಣೆಗೆ ಬರುವವರಿಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಇದೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗುನೆಲಗಳ ಪಟ್ಟಿಗೆ ಸೇರಿತು. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಡಗಲಿ ಮಲ್ಲಿಗೆಯ ತೋಟಗಳೂ ಇದೇ ದಾರಿಯಲ್ಲಿವೆ. ಹಂಪೆಗೆ ಹೋಗುವ ಹೂವು ಬುಟ್ಟಿ ತುಂಬಿ ಹೋಗುತ್ತದೆ. ಅದನ್ನು ಬಿಡಿಸುವ ನಸುಕಿನ ತೋಟವನ್ನು ನೋಡಬಂದವನಿಂದ ಬೆಳೆಗಾರನಿಗೆ ಹೂವಿನ ಬೆಲೆಯ ಮೇಲೆ ಇನ್ನೊಂದು ಆದಾಯ.

ಇದಕ್ಕೆ ಕೋಟಿಗಟ್ಟಲೆ ಹಣದ ಯೋಜನೆ ಬೇಕೆಂಬುದು ಭ್ರಮೆ. ಮುಖ್ಯರಸ್ತೆಯಲ್ಲಿ ದಾರಿ ತೋರುವ ಫಲಕ, ಗುಡಿಯ ಬೀಗದ ಕೈ ಯಾರ ಬಳಿಯಿದೆಯೆಂಬ ಸೂಚನೆ, ಶೌಚಾಲಯ, ಕುಡಿಯುವ ನೀರು, ಶಾಸನದ ಸಾರವನ್ನು ತಿಳಿಗನ್ನಡದಲ್ಲಿ ಹೇಳುವ ಕಲ್ಲಿನ ಹಲಗೆ, ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರು, ನಾಲ್ಕಾರು ಮನೆಗಳಲ್ಲಿ ಅತಿಥಿಗೆ ಒಂದು ಕೋಣೆ ಮತ್ತು ರೊಟ್ಟಿ ಊಟ — ಮೊದಲ ಹೆಜ್ಜೆಗೆ ಇಷ್ಟು ಸಾಕು. ಹಂಪೆಯಲ್ಲಿರುವ ಕನ್ನಡ ವಿಶ್ವವಿದ್ಯಾಲಯದ ಶಾಸನ, ಇತಿಹಾಸ ವಿದ್ವಾಂಸರ ನೆರವು ಹತ್ತಿರದಲ್ಲಿಯೇ ಇದೆ. ನಾಲ್ಕು ಜಿಲ್ಲಾಡಳಿತಗಳು ಒಂದೇ ನಕ್ಷೆಯನ್ನು ಮುದ್ರಿಸಲು ಒಪ್ಪುವುದು ಮಾತ್ರ ಇವೆಲ್ಲಕ್ಕಿಂತ ಕಷ್ಟದ ಕೆಲಸವೆಂದು ತೋರುತ್ತದೆ. ಪ್ರವಾಸೋದ್ಯಮವೇ ಕೃಷಿಯ ಸ್ಥಾನವನ್ನು ಹಿಡಿಯಲಾರದು, ಹಿಡಿಯಲೂ ಬಾರದು. 2020ರಲ್ಲಿ ಕೋವಿಡ್ ಪಿಡುಗಿನಿಂದ ದೇಶದ ಸ್ಮಾರಕಗಳೆಲ್ಲ ತಿಂಗಳುಗಟ್ಟಲೆ ಮುಚ್ಚಿದಾಗ, ಹೊಲವಿದ್ದವನು ಹೊಲಕ್ಕೆ ಮರಳಿದನು. ಅಂಗಡಿಯೊಂದನ್ನೇ ನಂಬಿದ್ದವನಿಗೆ ಮರಳಲು ಎಡೆಯಿರಲಿಲ್ಲ. ರೈತನ ಮನೆಯ ಎರಡನೆಯ ಆದಾಯವಾಗಿ ಇದು ನಿಂತರೆ ಗುಳೆ ಹೋಗುವ ಎತ್ತಿನ ಗಾಡಿ, ಬಸ್ಸುಗಳಲ್ಲಿ ಕೆಲವಾದರೂ ಕಡಿಮೆಯಾದಾವು.

ಎರಡು ದಡಗಳ ಪಯಣ ಹೊಸ ಕಲ್ಪನೆಯೇನೂ ಅಲ್ಲ. ಪ್ರತಿವರ್ಷ ಭಾರತ ಹುಣ್ಣಿಮೆಯ ಸುಮಾರಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮೈಲಾರಲಿಂಗನ ಜಾತ್ರೆ ಕೂಡುತ್ತದೆ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕದ ಒಂದು ಸಾಲನ್ನು ಕೇಳಲು ಲಕ್ಷಾಂತರ ಜನ ನೆರೆಯುತ್ತಾರೆ. ಹಾವೇರಿ, ಗದಗ, ಧಾರವಾಡಗಳ ಕಡೆಯಿಂದ ನದಿ ದಾಟಿ ಬಂದವರು ಬಯಲಿನಲ್ಲಿ ಬಿಡಾರ ಹೂಡಿ, ಒಲೆ ಹೊತ್ತಿಸಿ, ರಾತ್ರಿಗಳನ್ನು ಅಲ್ಲಿಯೇ ಕಳೆಯುತ್ತಾರೆ. ಕಾರಣಿಕ ಮುಗಿದು ಗಾಡಿಗಳೂ ಟ್ರ್ಯಾಕ್ಟರುಗಳೂ ಹಿಂತಿರುಗುವ ಹೊತ್ತಿನಲ್ಲಿ, ಅದೇ ತಾಲ್ಲೂಕಿನ ಕುರುವತ್ತಿ, ಹೊಳಲು, ಹಿರೇಹಡಗಲಿ, ಮಾಗಳಗಳ ಗುಡಿಗಳ ಮುಂದೆ ನಿಲ್ಲುವ ಗಾಡಿಗಳನ್ನು ಬೆರಳಲ್ಲಿ ಎಣಿಸಬಹುದು.